ದಾಸವಾಳದ ಬುಡ

ಹದಿನೇಳನೆಯ ಹೂವಿಗೆ ಕೈ ಚಾಚಿದಾಗ ಪಂಡಿತ ಶ್ರೀನಿವಾಸಮೂರ್ತಿಗಳ ಬರಿಗಾಲಿನಡಿ ಏನೋ ಚಟ್ಟನೆ ಒಡೆಯಿತು. ಬಗ್ಗಿ ನೋಡಿದರು. ಮೊಟ್ಟೆಯ ಚಿಪ್ಪು. ಅದರ ಬಿಳಿ ಪೊರೆ ಬೆರಳ ಸಂದಿಗೆ ಅಂಟಿಕೊಂಡಿತ್ತು.

ಕಡ್ಡಿಯಿಂದ ಮಣ್ಣು ಕೆದಕಿದರು. ಒಂದೆರಡಲ್ಲ, ಹಿಡಿಹಿಡಿ ಚಿಪ್ಪು. ಕೊಯ್ದ ಹೂವನ್ನೆಲ್ಲ ಬುಟ್ಟಿ ಸಮೇತ ಚರಂಡಿಗೆ ಎಸೆದರು. ಕಾಲನ್ನು ಕಲ್ಲಿಗೆ ಉಜ್ಜಿದರು, ಚರ್ಮ ಕಿತ್ತು ಬರುವವರೆಗೂ ಉಜ್ಜಿದರು. ಹೇಸಿಗೆ ಹೋಗಲಿಲ್ಲ.

ಗಿಡ ಅವರದಲ್ಲ. ಭದ್ರಾವತಿ ಹಳೇನಗರದ ಆ ಸಾಲಿನಲ್ಲಿ ಪಂಡಿತರ ಹಿತ್ತಲಿಗೆ ಅಂಟಿದ್ದ ಹಿತ್ತಲು ಷಡಕ್ಷರಪ್ಪನದು. ಕಬ್ಬಿಣದ ಕಾರ್ಖಾನೆಯಲ್ಲಿ ಸ್ಟೋರ್ ಗುಮಾಸ್ತ. ಮನೆಗೆ ಬಂದರೆ ದಾಸವಾಳದ ಹುಚ್ಚ. ಮಳೆ ನಿಂತ ವಾರಕ್ಕೆ ಸವರುವುದು, ಹಿಂಡಿ ಕೊಳೆಸಿದ ನೀರು ಹೊಯ್ಯುವುದು, ಎಲೆಯಡಿಯ ಬಿಳಿ ಹುಳವನ್ನು ಸೋಪಿನ ನೀರಲ್ಲದ್ದಿದ ಬಟ್ಟೆಯಿಂದ ಒಂದೊಂದಾಗಿ ಒರೆಸುವುದು. ಶಿವಮೊಗ್ಗದ ಫಲಪುಷ್ಪ ಪ್ರದರ್ಶನದಲ್ಲಿ ಎರಡು ವರ್ಷ ಬಹುಮಾನ ಹೊಡೆದಿದ್ದ. ಅಂಥವನ ಗಿಡದಿಂದ ಪಂಡಿತರು ದಿನಾ ಇಪ್ಪತ್ತೊಂದು ಹೂ ಕೊಯ್ಯುತ್ತಿದ್ದರು, ಕೇಳದೆ. ದೇವರ ಹೂವಿಗೆ ಯಾರು ಯಾರನ್ನು ಕೇಳುತ್ತಾರೆ?

ಮಗಳು ಶಾಮಲಾಳ ಎದೆಯ ಕಾಯಿಲೆಗೆ ಹೊತ್ತ ಹರಕೆ ಅದು. ನಲವತ್ತೆಂಟು ದಿನ ಅಮ್ಮನವರಿಗೆ ಕೆಂಪು ದಾಸವಾಳದ ಅರ್ಚನೆ. ಇಂಜೆಕ್ಷನ್ನುಗಳು ಆರು ತಿಂಗಳಲ್ಲಿ ಮಾಡದ್ದನ್ನು ಹರಕೆ ಒಂದೂವರೆ ತಿಂಗಳಲ್ಲಿ ಮಾಡಿತ್ತು. ಹುಡುಗಿಯ ಕೆನ್ನೆ ತುಂಬಿತ್ತು, ರಾತ್ರಿಯ ಕೆಮ್ಮು ನಿಂತಿತ್ತು. ಸೋಮವಾರ ಶಿವಮೊಗ್ಗದಲ್ಲಿ ಎಕ್ಸ್‌ರೇ. ಮೂರೇ ದಿನ ಉಳಿದಿರುವಾಗ ಈ ಹೊಲಸು! ಮೈಲಿಗೆ ಹೂವಿನಿಂದ ಮುನಿದ ದೇವಿ ಕೊಟ್ಟದ್ದನ್ನು ಕಿತ್ತುಕೊಂಡರೆ?

ಷಡಕ್ಷರಪ್ಪ ಗುದ್ದಲಿ ಹಿಡಿದು ಬಂದ.

"ಏನ್ರೀ ಇದು?" ಪಂಡಿತರು ಕಡ್ಡಿ ತೋರಿಸಿದರು.

ಅವನು ನೋಡಿದ. ಒಂದು ಕ್ಷಣ ಪಂಡಿತರ ಹಿಂಬಾಗಿಲ ಕಡೆಗೂ ನೋಡಿದ. "ಗೊಬ್ಬರ ಸ್ವಾಮಿ. ಗಿಡಕ್ಕೆ ಒಳ್ಳೇದು."

"ಕೊರಳಲ್ಲಿ ಲಿಂಗ, ಮನೆಯೊಳಗೆ ಮೊಟ್ಟೆ. ಮಾಡೋದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ ಅಂದ ಹಾಗಾಯ್ತು."

"ತಪ್ಪಾಯ್ತು. ಇನ್ನು ಮೇಲೆ ಆಳವಾಗಿ ಹೂಳ್ತೀನಿ."

ನಾಚಿಕೆಗೆಟ್ಟವನು! ತಿನ್ನುವುದು ಬಿಡುತ್ತೇನೆ ಎನ್ನಲಿಲ್ಲ, ಆಳವಾಗಿ ಹೂಳುತ್ತಾನಂತೆ.

"ಭಾನುವಾರ ನಿಮ್ಮ ಮೀರಾನ ನೋಡೋಕೆ ಮಲವಗೊಪ್ಪದವರು ಬರ್ತಿದಾರಲ್ಲ," ಎಂದರು ಪಂಡಿತರು. "ಎಂಥ ಮನೆಯಿಂದ ಹೆಣ್ಣು ತರ್ತಿದೀವಿ ಅಂತ ಅವರಿಗೂ ಗೊತ್ತಾಗ್ಲಿ."

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಜಗದಾಂಬಾ ಸೆರಗು ಬಿಗಿದುಕೊಂಡಳು. "ಹೇಳೋದಾದ್ರೆ ಹೇಳಿ ಸ್ವಾಮಿ. ಸೋಮವಾರ ಒಂದು ಕಳೀಲಿ."

ಎಷ್ಟು ಜಾಣೆ ನೋಡಿ. ಭಾನುವಾರ ವೀಳ್ಯ ಬದಲಾಯಿಸಿಬಿಟ್ಟರೆ ಸೋಮವಾರ ಯಾರು ಏನು ಹೇಳಿದರೇನು!

ಮನೆಯಲ್ಲಿ ಸೀತಮ್ಮ ಗಂಡನ ಮಾತು ಕೇಳಿ ಒಲೆಯ ಕಡೆ ತಿರುಗಿಕೊಂಡಳು. "ಅವರು ಒಳ್ಳೇ ಜನ. ಸುಮ್ಮನಿದ್ದುಬಿಡಿ."

"ಕಸೂತಿ ಕಲಿಯೋಕೆ ಅಂತ ಶಾಮಲಾ ದಿನಾ ಆ ಮನೆಗೆ ಹೋಗ್ತಾಳಲ್ಲ, ಇವತ್ತಿಗೆ ನಿಲ್ಲಿಸು. ಆ ಪಾತ್ರೆ, ಆ ಕೈ. ಥೂ."

ಶಾಮಲಾ ಏನೋ ಹೇಳಲು ಬಾಯಿ ತೆರೆದಳು. ತಾಯಿ ಕಣ್ಣಿನಲ್ಲೇ ತಡೆದಳು. ಗಂಡಸಿನ ಕೋಪದ ಮುಂದೆ ಹೆಂಗಸರ ಮೌನ ಆ ಮನೆಯಲ್ಲಿ ಹೊಸದೇನಲ್ಲ, ಪಂಡಿತರು ಗಮನಿಸಲೂ ಇಲ್ಲ.

ಅನ್ನ ಸೇರಲಿಲ್ಲ. ತುತ್ತೆತ್ತಿದರೆ ಆ ಬಿಳಿ ಪೊರೆ ಕಣ್ಣಿಗೆ ಬರುತ್ತಿತ್ತು. ಉಳಿದ ಮೂರು ದಿನಕ್ಕೆ ಹೊಳೆಯಾಚೆಯ ತೋಟದಿಂದ ಹೂ ಗೊತ್ತುಮಾಡಿದರು. ಮೂರು ಸಲ ಸ್ನಾನ ಮಾಡಿದರು. ಶನಿವಾರ ಬೆಳಿಗ್ಗೆ ಬಸ್ಸು ಹತ್ತಿ ಮಲವಗೊಪ್ಪದಲ್ಲಿ ಇಳಿದರು.

ಗಂಡಿನ ತಂದೆ ಮುರುಗೇಶಪ್ಪ ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿದ. ಪಂಡಿತರು ಸುತ್ತಿಬಳಸಲಿಲ್ಲ.

"ಕಣ್ಣಾರೆ ಕಂಡಿರಾ?"

"ಕಾಲಾರೆ ತುಳಿದೆ."

ಮುರುಗೇಶಪ್ಪ ಎಲೆಯಡಿಕೆ ತಟ್ಟೆ ಪಕ್ಕಕ್ಕಿಟ್ಟ.

ಭಾನುವಾರ ಷಡಕ್ಷರಪ್ಪನ ಮನೆ ಮುಂದೆ ರಂಗೋಲಿ ಹಾಕಿತ್ತು. ಮೀರಾ ರೇಷ್ಮೆ ಸೀರೆ ಉಟ್ಟಿದ್ದಳು. ಸಂಜೆಯಾದರೂ ಯಾರೂ ಬರಲಿಲ್ಲ. ಜಗದಾಂಬಾ ಮಾಡಿಟ್ಟ ಕೇಸರಿಬಾತು ಹಸುವಿನ ಬಾಯಿಗೆ ಹೋಯಿತು. ಆ ಮನೆಯಿಂದ ಒಂದು ಬೈಗುಳವೂ ಕೇಳಿಬರಲಿಲ್ಲ. ತಪ್ಪಿತಸ್ಥರಿಗೆ ಬಾಯೆಲ್ಲಿಂದ ಬರಬೇಕು, ಅಂದುಕೊಂಡರು ಪಂಡಿತರು. ಎರಡು ದಿನದ ಮೇಲೆ ಹೊಟ್ಟೆತುಂಬ ಉಂಡರು.

ಸೋಮವಾರ ಶಿವಮೊಗ್ಗದ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಶಾಮಲಾ ತಾಯಿಯೊಡನೆ ಹೊರಗಿನ ಬೆಂಚಿನ ಮೇಲಿದ್ದಳು. ಪಂಡಿತರು ಒಳಗೆ ಮೇಜಿನ ಮುಂದೆ ನಿಂತಿದ್ದರು.

"ಗಾಯ ಒಣಗಿದೆ ಮಾರಾಯ್ರೆ. ತೂಕ ಒಂಬತ್ತು ಪೌಂಡು ಏರಿದೆ. ನಿಮ್ಮ ಮಗಳು ಉಳಿದಳು."

ಪಂಡಿತರ ಕಣ್ಣಲ್ಲಿ ಬಳಬಳನೆ ನೀರಿಳಿಯಿತು. "ಹರಕೆ ಫಲಿಸಿತು" ಎಂದು ಕೈ ಮುಗಿದರು.

"ಹರಕೆ ನಡೀಲಿ, ಆದ್ರೆ ನಾನು ನಿಮ್ಮ ಮನೆಯವರಿಗೆ ಹೇಳಿದ ದಿನಕ್ಕೆರಡು ಮೊಟ್ಟೆ ಇನ್ನೂ ಆರು ತಿಂಗಳು ಬಿಡಬೇಡಿ," ಡಾಕ್ಟರು ಚೀಟಿ ಬರೆಯುತ್ತ ಹೇಳಿದರು. "ನಿಮ್ಮ ಅಡಿಗೆಮನೇಲಿ ಆಗಲ್ಲ ಅಂತ ತಾನು ಬೇಯಿಸಿ ತಿನ್ನಿಸ್ತಿದಾಳಲ್ಲ ಆ ಪಕ್ಕದ ಮನೆ ಹೆಂಗಸು, ಮೊದಲ ವಾರವೆಲ್ಲ ಬೇಯಿಸಿಟ್ಟು ಹಿತ್ತಲಿಗೆ ಓಡಿ ವಾಂತಿ ಮಾಡ್ಕೊಳ್ತಿದ್ದಳಂತೆ, ಈಗ ತಾನೇ ನಿಮ್ಮ ಮಗಳು ಹೇಳಿ ಅತ್ತಳು."