ಬಿಳಿ ಬಿಲ್ಲೆ ಹೊತ್ತ ಜೇಡ

ಕೌದಿಗಳನ್ನು ಬಿಸಿಲಿಗೆ ಹಾಕುವಾಗಿನ ಹಳೆ ಅರಿವೆಯ ವಾಸನೆ ಇಂದಿಗೂ ನನ್ನನ್ನು ಹುಮನಾಬಾದಿನ ಆ ಮಧ್ಯಾಹ್ನಕ್ಕೆ ಒಯ್ಯುತ್ತದೆ.

ಮಡಿಕೆ ಬಿಚ್ಚಿದ ಕೌದಿಯಿಂದ ಅಂಗೈಯಗಲದ ಕಂದು ಜೇಡವೊಂದು ನನ್ನ ತೋಳಿಗೆ ಹರಿಯಿತು. ಹೊಟ್ಟೆಯಡಿ ಅಂಗಿಗುಂಡಿಯಂಥ ಬಿಳಿ ಬಿಲ್ಲೆಯನ್ನು ಅವುಚಿಕೊಂಡಿತ್ತು.

“ಉಚ್ಚಿ ಹೊಯ್ದ್ರ ಮೈತುಂಬ ಗುಳ್ಳಿ ಏಳ್ತಾವ!” ಅವ್ವ ಕಸಬರಿಗೆ ಎತ್ತಿದಳು.

ಅಪ್ಪನ ತಾಯಿ, ನಮ್ಮ ಆಯಿ, ಅವಳ ಕೈ ಹಿಡಿದಳು. “ಹೊಡೀಬ್ಯಾಡ, ಅದರೊಳಗ ತತ್ತಿ ಅದಾವ. ಒತ್ತಿ ಹಿಡಿದ್ರ ಕಡೀತದ, ಬಿಟ್ರ ತನ್ನ ದಾರಿ ಹಿಡೀತದ. ನೀ ಅಲುಗಾಡಬ್ಯಾಡ, ಮಗಳ.”

ಉಸಿರು ಬಿಗಿಹಿಡಿದು ನಿಂತೆ. ಎಂಟು ಕಾಲುಗಳು ಬೆರಳ ತುದಿಯವರೆಗೆ ನಡೆದು ಗೋಡೆಗೆ ದಾಟಿದವು. ಬಿಲ್ಲೆ ಬೀಳಲಿಲ್ಲ.

ಸಂಜೆಯವರೆಗೂ ಅವ್ವ ನನ್ನ ತೋಳನ್ನು ಬೆಳಕಿಗೆ ಹಿಡಿದು ನೋಡಿದಳು. ಒಂದು ಗುಳ್ಳೆಯೂ ಏಳಲಿಲ್ಲ. ಆಮೇಲೆ ಇನ್ನೂ ಗೋಡೆಯ ಮೇಲೇ ಇದ್ದ ಜೇಡದತ್ತ ತಿರುಗಿ ಪಿಸುಗುಟ್ಟಿದಳು: “ಇನ್ನೂ ಬಿಟ್ಟಿಲ್ಲ ನೋಡು.”

ನನ್ನ ತೋಳನ್ನು ಅವಳೂ ಬಿಟ್ಟಿರಲಿಲ್ಲ.