ಖರೇ ಹವಳ

ಸೊಸೆಯನ್ನು ಅಂಗಡಿ ಬಾಗಿಲ ಹೊರಗೆ ಟ್ರಂಕಿನ ಪಕ್ಕ ನಿಲ್ಲಿಸಿ ಅತ್ತೆ ಒಬ್ಬಳೇ ಒಳಗೆ ಬಂದಳು. ತಾಳಿ, ಸರ ಪೋಣಿಸುವ ಪಟವೇಗಾರ ತುಳಜಪ್ಪನ ಮುಂದೆ ಹವಳದ ಸರ ಇಟ್ಟಳು.

“ಇಕಿ ತವರಿನ ಸರ. ಗಾಜಿಂದು ಅಂತ ಓಣ್ಯಾಗ ಮಾತು ಎದ್ದೈತಿ. ಮದಿವ್ಯಾಗ ಪೋಣಿಸಿಕೊಟ್ಟಾವ್ರು ನೀವ. ನೀವು ಏನಂತೀರಿ ಅದ ಖರೆ. ಗಾಜಾಗಿದ್ರ ಇಕಿ ಇಲ್ಲಿಂದನ ತವರಿನ ಬಸ್ ಹತ್ತತಾಳ.”

ತುಳಜಪ್ಪ ಭೂತಗನ್ನಡಿ ಹಿಡಿದ. ಹವಳದಲ್ಲಿ ಇರಬೇಕಾದ ಕೂದಲೆಳೆಯಂಥ ಗೆರೆಗಳಿರಲಿಲ್ಲ. ಮಣಿಯೊಳಗೆ ಸಣ್ಣ ಸಣ್ಣ ಗುಳ್ಳೆಗಳಿದ್ದವು. ಗಾಜು. ಆದರೆ ಮದುವೆಗೆ ಅವನು ಪೋಣಿಸಿದ್ದು ಅಪ್ಪಟ ಹವಳ. ಒಂದೊಂದು ಮಣಿಯನ್ನೂ ನೋಡಿಯೇ ದಾರಕ್ಕೆ ಏರಿಸಿದ್ದ. ಹುಡುಗಿ ಯಾವ ಕಷ್ಟಕ್ಕೋ ಅದನ್ನು ಮಾರಿಕೊಂಡಿರಬೇಕು. ಬಾಗಿಲ ಕಡೆ ನೋಡಿದ. ಅವಳು ಟ್ರಂಕಿನ ಹಿಡಿಕೆ ಹಿಡಿದು ಅವನನ್ನೇ ನೋಡುತ್ತಿದ್ದಳು. ಅವನು ಭೂತಗನ್ನಡಿ ಕೆಳಗಿಟ್ಟ.

“ಖರೇ ಹವಳ, ಅಕ್ಕಾರ. ಒಂದ ಮಣಿನೂ ಸುಳ್ಳಿಲ್ಲ.”

“ಆಣಿ ಮಾಡ್ತೀರಿ?”

“ನನ್ನ ಕಸುಬಿನ ಆಣಿ.” ಐವತ್ತು ವರ್ಷದಲ್ಲಿ ಮಣಿಯ ವಿಷಯಕ್ಕೆ ಅವನು ಹೇಳಿದ ಮೊದಲ ಸುಳ್ಳು ಅದು.

ಅತ್ತೆ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಸರವನ್ನು ನಿಧಾನವಾಗಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

“ಇದನ್ನ ಇವತ್ತ ಮುಂಜಾನಿ ಬಳಿಗಾರನ ಕಡೆ ನಾನ ಕೊಂಡು ತಂದೀನಿ. ಇಕಿ ಸರ ನನ್ನ ಪೆಟ್ಟಿಗ್ಯಾಗ ಐತಿ. ಮದಿವ್ಯಾಗ ಅದಕ್ಕೂ ನೀವು ಹಿಂಗ ಖರೇ ಹವಳ ಅಂದಿದ್ರಲ್ಲಾ? ಇನ್ನ ಆ ಮಾತು ಹೆಂಗ ನಂಬಲಿ?” ಎಂದು ಎದ್ದು, ಬಾಗಿಲ ಕಡೆ ತಿರುಗಿದಳು. “ಟ್ರಂಕ್ ಎತ್ತಿಕೋಳವ್ವಾ, ಬಸ್ಸಿಗೆ ಹೊತ್ತಾತು.”