ಬಾಗಿಲಿಗೆ ಹೇಳುವ ಮಾತು

ಆ ಊರಿನ ಮನೆಗಳಲ್ಲಿ ಹೊರಗೆ ಹೊರಟವರು ಮರಳಿ ಬರುತ್ತಾರೋ ಇಲ್ಲವೋ ಎಂಬ ಮಾತನ್ನು ಬಾಗಿಲಿಗೆ ಹೇಳಲೇಬೇಕಿತ್ತು. ಮಾತು ನಿಜವಾದರೆ ಬಾಗಿಲು ತೆರೆಯುತ್ತಿತ್ತು, ಸುಳ್ಳಾದರೆ ಕೆಂಪು ದೀಪ ಹತ್ತುತ್ತಿತ್ತು.

ವಾರಿಜ ಬೆಳಗ್ಗೆಯಿಂದ ಮೂರು ಸಲ ಚೀಲ ಬಿಚ್ಚಿ ಕಟ್ಟಿದ್ದಳು. ಗಂಡ ಸ್ಕೂಟರ್ ಹತ್ತಿ ಕೆಲಸಕ್ಕೆ ಹೋದದ್ದೇ ತಡ, ಬಾಗಿಲ ಮುಂದೆ ನಿಂತು ರೂಢಿಯ ಮಾತನ್ನೇ ಹೇಳಿದಳು: "ಅತ್ತೆ, ಹೋಗಿ ಬರ್ತೀನಿ."

ಕೆಂಪು ದೀಪ ಹತ್ತಿತು.

ಅವರೆಕಾಯಿ ಸುಲಿಯುತ್ತಿದ್ದ ಸರ್ವಮಂಗಳಮ್ಮ ತಲೆಯೆತ್ತಿದರು. ದೀಪವನ್ನು ನೋಡಿದರು, ಚೀಲವನ್ನು ನೋಡಿದರು, ಸೊಸೆಯ ತೋಳಿನ ಬಾಸುಂಡೆಯನ್ನೂ ನೋಡಿದರು. ಬರುವುದಿಲ್ಲ ಎಂದರೆ ಬಾಗಿಲು ತೆರೆಯುತ್ತದೆಂದು ವಾರಿಜಳಿಗೆ ಗೊತ್ತಿತ್ತು. ಆದರೆ ಅತ್ತೆಯ ಎದುರು ಆ ಅಪಶಕುನದ ಮಾತಿಗೆ ನಾಲಿಗೆಯೇ ಹೊರಳಲಿಲ್ಲ. ಬೀದಿಯಲ್ಲಿ ಸ್ಕೂಟರಿನ ಸದ್ದಾದಾಗಲೆಲ್ಲ ಅವಳು ಬೆಚ್ಚುತ್ತಿದ್ದಳು.

"ಬರ್ತೀನಿ, ಇಲ್ಲಾಂದ್ರೆ ಬರಲ್ಲ ಅಂತ ಎರಡನ್ನೂ ಸೇರಿಸಿ ಹೇಳೇ," ಎಂದರು ಅತ್ತೆ, ಕಾಯಿ ಸುಲಿಯುತ್ತಲೇ. "ಎರಡರಲ್ಲಿ ಒಂದು ನಿಜ ಆಗ್ಲೇಬೇಕಲ್ಲ. ಇದಕ್ಕೆ ಅಷ್ಟು ಸಾಕು."

ವಾರಿಜ ಹಾಗೇ ಹೇಳಿದಳು. ಬಾಗಿಲು ತೆರೆಯಿತು.

"ನಿಮಗೆ ಹೇಗೆ ಗೊತ್ತು, ಅತ್ತೆ?"

"ಮೂವತ್ತು ವರ್ಷ, ಸೊಪ್ಪು ತರೋಕೆ ಹೋಗುವಾಗಲೂ ನಾನು ಹಾಗೇ ಹೇಳ್ತಿದ್ದೆ. ಪ್ರತಿ ಸಲ ವಾಪಸ್ ಬಂದ್ಬಿಟ್ಟೆ. ನೀನು ನಡಿ."